ಕಾಲಿಗೆ ಹಾಕೂ ಕೃತಕ ರಕ್ತನಾಳ: ಅದರೊಳಗ ರಕ್ತ ಹೆಂಗ ಹರೀತೈತಿ, ಯಾಕ ಮುಚ್ಚತೈತಿ?

ಶುಗರ್ ಇದ್ದವರು, ವರ್ಷಾನುಗಟ್ಟಲೆ ಬೀಡಿ ಸೇದಿದವರು ನಮ್ಮ ಕಡೆ ಯಾವ ಊರಿಗೆ ಹೋದ್ರೂ ಸಿಗತಾರ. ಅದರಾಗ ಕೆಲವರಿಗೆ ವಯಸ್ಸಾಗ್ತಾ ಒಂದು ತ್ರಾಸ ಶುರು ಆಗತೈತಿ, ಸ್ವಲ್ಪ ದೂರ ನಡದ್ರ ಮೀನಖಂಡ ಹಿಡಕೋತೈತಿ, ನಿಂತ್ರ ಬಿಡತೈತಿ, ಮತ್ತ ನಡದ್ರ ಮತ್ತ ಹಿಡಕೋತೈತಿ. ಇನ್ನ ಕೆಲವರಿಗೆ ಹೆಬ್ಬೆರಳಿಗೆ ಆದ ಸಣ್ಣ ಗಾಯ ತಿಂಗಳಾದ್ರೂ ಮಾಯಂಗಿಲ್ಲ. ಬೆಳಗಾವಿಗೋ ಬಾಗಲಕೋಟಿಗೋ ವಿಜಯಪುರಕ್ಕೋ, ಗಡಿ ಕಡೆಯವರಾದ್ರ ಮಿರಜಿಗೋ ಸೊಲ್ಲಾಪುರಕ್ಕೋ ಹೋಗಿ ತೋರಿಸಿದಾಗ ಡಾಕ್ಟ್ರು "ಕಾಲಿನ ರಕ್ತನಾಳ ಬಂದ್ ಆಗೈತಿ, ಬೈಪಾಸ್ ಮಾಡಬೇಕು, ಇವರ ಸ್ವಂತ ನಾಳ ಸರಿ ಇಲ್ಲ, ಕೃತಕ ಗ್ರಾಫ್ಟ್ ಹಾಕಬೇಕಾಗತೈತಿ" ಅಂತಾರ. ಮನಿ ಮಂದಿ ಅಲ್ಲೇ ಗಾಬರಿ ಆಗತಾರ. ಪ್ಲಾಸ್ಟಿಕ್ ಪೈಪೇನು? ಎಷ್ಟು ವರ್ಷ ಬಾಳಿಕಿ ಬರತೈತಿ? ಒಬ್ಬರದ್ದು ಒಂದ ವರ್ಷದಾಗ ಬಂದ್ ಆತಂತ, ಇನ್ನೊಬ್ಬರ ಹೊಟ್ಟಿಯೊಳಗ ಹಾಕಿದ್ದು ಹತ್ತು ವರ್ಷ ಆದ್ರೂ ಸುರಳೀತ ಐತಂತ, ಹಿಂಗ್ಯಾಕ?

ಸಾಮಾನು ಚಲೋ ಇಲ್ಲ, ಡಾಕ್ಟ್ರ ಕೈಗುಣ ಸರಿ ಇಲ್ಲ ಅಂತ ಮಂದಿ ತಮ್ಮಷ್ಟಕ್ಕ ತಾವು ಉತ್ತರ ಹೇಳಿಕೊಂಡು ಬಿಡತಾರ. ಖರೆ ಉತ್ತರ ಬಹಳಷ್ಟು ಇರೂದು ಆ ನಾಳದ ಗೋಡಿ ಮ್ಯಾಲ ರಕ್ತ ಹೆಂಗ ಸರದು ಹೋಗತೈತಿ ಅನ್ನೂದರಾಗ. ಅದನ್ನ ಬುಡದಿಂದ ನೋಡೂಣು.

ಬೈಪಾಸ್ ಅಂದ್ರ ಏನು

ಆರಾಮ ಕುಂತಾಗ ನಮ್ಮ ಹೃದಯ ನಿಮಿಷಕ್ಕ ಸುಮಾರು 5 ಲೀಟರ್ ರಕ್ತ ತಳ್ಳತೈತಿ. ಅದು ಹೃದಯದಿಂದ ಹೊಂಟು ಮಹಾಧಮನಿ ಅನ್ನೂ ದೊಡ್ಡ ನಾಳದಾಗ ಇಳದು, ಹೊಕ್ಕಳದ ಹತ್ತಿರ ಎರಡು ಕವಲ ಆಗಿ, ಒಂದೊಂದು ಕಾಲಿಗೆ ಒಂದೊಂದು ಹೋಗತೈತಿ. ತೊಡಿಯೊಳಗ ಇರೂದು ಫೆಮೋರಲ್ ಧಮನಿ, ಅದ ಮೊಣಕಾಲ ಹಿಂದ ಬಂದಾಗ ಪಾಪ್ಲಿಟಿಯಲ್ ಧಮನಿ, ಮೊಣಕಾಲ ಕೆಳಗ ಮತ್ತ ಮೂರು ಸಣ್ಣ ನಾಳ ಆಗಿ ಪಾದಕ್ಕ ಇಳೀತೈತಿ. ತಂಬಾಕು, ಶುಗರ್, ಬಿಪಿ, ಕೊಲೆಸ್ಟ್ರಾಲ್ ಇವೆಲ್ಲಾ ಕೂಡಿ ಈ ನಾಳದ ಒಳಗೋಡಿಗೆ ಜಿಡ್ಡು, ಸುಣ್ಣದಂಥಾ ಗಟ್ಟಿ ಪದರ ಕಟ್ಟಿಸತಾವ. ಅದು ಹೆಚ್ಚಾದ್ರ ದಾರಿ ಬಂದ್.

ಕಾಲವಿ ಒಂದು ಕಡೆ ಕುಸದು ಮುಚ್ಚಿದ್ರ ಏನ ಮಾಡತೀವಿ? ಕುಸದ ಜಾಗಾ ಅಗಿಯೂದಕ್ಕ ಆಗದಿದ್ರ ಅದರ ಮ್ಯಾಲಿನ ಕಡೆಯಿಂದ ನೀರು ಎತ್ತಿ, ಪೈಪ್‌ಲೈನ್ ಎಳದು, ಕುಸದ ಜಾಗಾ ದಾಟಿಸಿ ಕೆಳಗ ಮತ್ತ ಕಾಲವಿಗೆ ಕೂಡಿಸತೀವಿ. ಬೈಪಾಸ್ ಅಂದ್ರ ಅದ. ಈ ಪೈಪ್‌ಲೈನ್ ಮಾತು ಕಡೀತನಕ ನೆನಪ ಇಟ್ಕೊಳ್ರಿ, ಜಮಖಂಡಿ, ಮುಧೋಳ ಕಡೆ ಹೊಳಿಯಿಂದ ಹೊಲಕ್ಕ ಪೈಪ್ ಎಳದವರಿಗೆ ಮುಂದಿನ ಅರ್ಧ ವಿಷಯ ತಾನ ತಿಳೀತೈತಿ. ಎಲ್ಲಾರಿಗೂ ಬೈಪಾಸೇ ಆಗಬೇಕಂತ ಇಲ್ಲ ಮತ್ತ. ಗುಳಿಗಿ, ದಿನಾ ನಡಿಯೂ ಅಭ್ಯಾಸ, ನಾಳ ಒಳಗಿಂದ ಅಗಲ ಮಾಡೂ ಬಲೂನ್, ಅದನ್ನ ತೆರದಿಡೂ ಜಾಳಗಿ ಅಂದ್ರ ಸ್ಟೆಂಟ್ ಇವುಗಳಿಂದ ಆಗದಿದ್ದಾಗ, ಇಲ್ಲಾ ಬಂದ್ ಆದ ಜಾಗಾ ಭಾಳ ಉದ್ದ ಇದ್ದಾಗ ಈ ದಾರಿ ಹಿಡೀತಾರ.

ಮೊದಲ ಆಯ್ಕಿ ಯಾವಾಗಲೂ ರೋಗಿಯ ಸ್ವಂತ ನಾಳ. ಪಾದದಿಂದ ತೊಡಿ ತನಕ ಚರ್ಮದ ಕೆಳಗ ಸ್ಯಾಫಿನಸ್ ಅನ್ನೂ ಉದ್ದನ ಅಭಿಧಮನಿ (ರಕ್ತವನ್ನ ಹೃದಯಕ್ಕ ವಾಪಸ್ ಒಯ್ಯೂ ನಾಳ) ಇರತೈತಿ, ಅದನ್ನ ತಗದು ಧಮನಿ ಬದಲಿಗೆ ಕೂಡಿಸತಾರ. 1948ರಾಗ ಪ್ಯಾರಿಸಿನ್ಯಾಗ ಝಾನ್ ಕುನ್ಲಿನ್ ಅನ್ನೂ ಡಾಕ್ಟ್ರು ತೊಡಿಯಿಂದ ಮೊಣಕಾಲಿಗೆ ಇಂಥಾ ಬೈಪಾಸ್ ಮಾಡಿ ತೋರಿಸಿದ್ರು. ಅಭಿಧಮನಿಯೊಳಗ ರಕ್ತ ಕೆಳಗ ಬೀಳದಂಗ ತಡಿಯೂ ವಾಲ್ವ್ ಇರತಾವ, ಅದಕ್ಕ ಅದನ್ನ ತಲಿಕೆಳಗ ಮಾಡಿ ಹೊಲೀತಾರ, ಇಲ್ಲಾ ಒಳಗ ಸಣ್ಣ ಸಲಕರಣಿ ಹಾಕಿ ವಾಲ್ವ್ ಕೊಯ್ದು ತಗೀತಾರ.

ಆದ್ರ ಎಷ್ಟೋ ಮಂದಿಗೆ ಆ ನಾಳ ಸಣ್ಣದಿರತೈತಿ, ಉಬ್ಬಿಕೊಂಡು ಕೆಟ್ಟಿರತೈತಿ, ಇಲ್ಲಾ ಮೊದಲ ಹೃದಯದ ಬೈಪಾಸಿಗೆ ತಗೊಂಡು ಬಿಟ್ಟಿರತಾರ. ಮಹಾಧಮನಿಯಷ್ಟು ದೊಡ್ಡದಂತೂ ಯಾವ ಸ್ವಂತ ನಾಳಾನೂ ಸುಲಭಕ್ಕ ಸಿಗಂಗಿಲ್ಲ. ಅಲ್ಲಿ ಕೃತಕ ನಾಳ ಬೇಕಾಗತೈತಿ.

ಯಾತರಿಂದ ಮಾಡತಾರ

ನಾಳಕ್ಕ ನಾಳ ಸೋರದಂಗ ಹೊಲಿಯೂದ ಮೊದಲ ಯಾರಿಗೂ ಬರತಿರಲಿಲ್ಲ. ಅದನ್ನ ಸಾಧಿಸಿದವರು ಫ್ರಾನ್ಸಿನ ಅಲೆಕ್ಸಿಸ್ ಕ್ಯಾರೆಲ್, ಲಿಯಾನ್ ಊರಿನ್ಯಾಗ ಕಸೂತಿ ಮಾಡೂ ಹೆಣ್ಮಗಳ ಕಡೆ ಸಣ್ಣ ಸೂಜಿ ಹಿಡಿಯೂದು ಕಲತು, ಆ ಕೈಚಳಕಾನ ರಕ್ತನಾಳಕ್ಕ ತಂದವರು. 1912ರಾಗ ಅವರಿಗೆ ನೊಬೆಲ್ ಬಂತು. ಇಳಕಲ್ ಸೀರಿ ಮ್ಯಾಲ ಕಸೂತಿ ಹಾಕೂ ನಮ್ಮ ಕಡೆ ಹೆಣ್ಮಕ್ಕಳಿಗೆ ಈ ಸುದ್ದಿ ಹೇಳಿದ್ರ ಖುಷಿ ಪಡತಾರ ಅಂತ ನನಗ ಅನಸತೈತಿ.

ಬಟ್ಟಿಯಿಂದ ನಾಳ ಮಾಡಬಹುದು ಅಂತ ತೋರಿಸಿದವರು ಅಮೆರಿಕದ ಆರ್ಥರ್ ವೂರೀಸ್. ನಾಯಿ ಹೃದಯದೊಳಗ ಉಳದಿದ್ದ ಒಂದು ರೇಷ್ಮಿ ದಾರದ ಮ್ಯಾಲ ಕೆಲವು ತಿಂಗಳದಾಗ ನುಣುಪಾದ ಜೀವಂತ ಪದರ ಬೆಳದಿದ್ದು ಅವರ ಕಣ್ಣಿಗೆ ಬಿತ್ತು, ದಾರದ ಮ್ಯಾಲ ಬೆಳೀತೈತಿ ಅಂದ್ರ ದಾರದಿಂದ ನೇಯ್ದ ಬಟ್ಟಿ ಮ್ಯಾಲೂ ಬೆಳದೀತು ಅಂತ ಲೆಕ್ಕ ಹಾಕಿ, ವಿನಿಯಾನ್ ಅನ್ನೂ ಬಟ್ಟಿಯ ಕೊಳವಿ ಮಾಡಿ 1952ರಾಗ ಪ್ರಕಟ ಮಾಡಿದ್ರು. ಮುಂದ ಹ್ಯೂಸ್ಟನ್ನಿನ ಮೈಕೇಲ್ ಡಿಬೇಕಿ ಅಂಗಡಿಗೆ ನೈಲಾನ್ ಬಟ್ಟಿ ಕೇಳಾಕ ಹೋದ್ರ ಅದು ಖಾಲಿ ಆಗಿತ್ತಂತ, ಅಂಗಡಿಯವರು ಹೊಸಾದು ಬಂದೈತಿ ಅಂತ ಡೇಕ್ರಾನ್ ಕೊಟ್ರು, ಅದನ್ನ ಹೆಂಡ್ತಿಯ ಹೊಲಿಗಿ ಮಶೀನಿನ ಮ್ಯಾಲ ಡಿಬೇಕಿ ತಾವ ಕೊಳವಿ ಮಾಡಿ ಹೊಲದ್ರು. ಡೇಕ್ರಾನ್ ಅಂದ್ರ ಪಾಲಿಯೆಸ್ಟರ್. ಇವತ್ತಿಗೂ ಮಹಾಧಮನಿಗೆ ಹೆಚ್ಚಾಗಿ ಬಳಸೂದು ಅದರ ಗ್ರಾಫ್ಟನ್ನ.

ಇನ್ನೊಂದು ಇ-ಪಿಟಿಎಫ್ಇ. ಪಿಟಿಎಫ್ಇ ಅಂದ್ರ ಅಂಟದ ತವಾಕ್ಕ ಬಳಿಯೂ ಪದಾರ್ಥ, 1938ರಾಗ ರಾಯ್ ಪ್ಲಂಕೆಟ್ ಬ್ಯಾರೆ ಏನೋ ಹುಡುಕೂ ಮುಂದ ಸಿಕ್ಕಿದ್ದು. 1969ರಾಗ ಬಾಬ್ ಗೋರ್ ಅದನ್ನ ಬಿಸಿ ಮಾಡಿ ಫಕ್ನ ಜಗ್ಗಿದಾಗ ಅದು ಹರೀಲಿಲ್ಲ, ಬದಲಿಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತಿನ ಹಗುರ ಪದಾರ್ಥ ಆತು. ಕಾಲಿಗೆ ಹಾಕೂ ಬಿಳಿ ಕೊಳವಿ ಬಹಳ ಸಲ ಇದ (ಮುಂದ ಬರೇ ಪಿಟಿಎಫ್ಇ ಅಂತೀನಿ), ಅಗಲ ಸಾಮಾನ್ಯವಾಗಿ 6ರಿಂದ 8 ಮಿಲಿಮೀಟರ್. ಮೊಣಕಾಲ ದಾಟಿ ಹೋಗೂದಿದ್ರ ಮಡಚಿದಾಗ ಚಪ್ಪಟಿ ಆಗಬಾರದು ಅಂತ ಹೊರಗ ಉಂಗುರ ಇದ್ದದ್ದನ್ನ ಹಾಕತಾರ.

ಅಗಲದ ಲೆಕ್ಕ: ನಾಲ್ಕನೇ ಘಾತ

ಪ್ವಾಸಯ್ ಅನ್ನೂ ಫ್ರೆಂಚ್ ಡಾಕ್ಟ್ರು 1840ರ ಆಸುಪಾಸಿನ್ಯಾಗ ಸಣ್ಣ ಗಾಜಿನ ಕೊಳವಿಯೊಳಗ ನೀರ ಹರಿಸಿ ಅಳದು ಒಂದು ನಿಯಮ ಕಂಡ್ರು. ಬೆಳಗಾವಿಯ ವಿಟಿಯು ಕಾಲೇಜಿನ್ಯಾಗ ಮೆಕ್ಯಾನಿಕಲ್, ಸಿವಿಲ್ ಓದಿದವರಿಗೆ ಹೇಗನ್-ಪ್ವಾಸಯ್ ಸಮೀಕರಣ ಅಂದ್ರ ಗೊತ್ತಿರತೈತಿ. ತಿಳಿಯೂವಂಗ ಹೇಳಬೇಕಂದ್ರ, ಒತ್ತಡ ಅಷ್ಟ ಇದ್ರ, ಕೊಳವಿಯಾಗ ಹರಿಯೂ ಪ್ರಮಾಣ ಅದರ ತ್ರಿಜ್ಯದ ನಾಲ್ಕನೇ ಘಾತದಂಗ ಬದಲಾಗತೈತಿ. ಅಗಲ ಅರ್ಧ ಆದ್ರ ಹರಿವು ಅರ್ಧ ಆಗಂಗಿಲ್ಲ, ಹದಿನಾರರಾಗ ಒಂದು ಪಾಲ ಆಗತೈತಿ. ಉದ್ದ ಎರಡ ಪಟ್ಟ ಆದ್ರ ಹರಿವು ಅರ್ಧ, ರಕ್ತ ಎರಡ ಪಟ್ಟ ಮಂದ ಆದ್ರೂ ಅರ್ಧ.

ಈಗ ಒಂದು ಲೆಕ್ಕ ಹಾಕ್ರಿ. ಯಾವ ಕೃತಕ ನಾಳ ಹಾಕಿದ್ರೂ ಅದರ ಒಳಗ ಕಾಲಕ್ರಮೇಣ ಒಂದು ಪದರ ಕೂಡತೈತಿ. ಆ ಪದರ ಸುತ್ತಲೂ 1 ಮಿಲಿಮೀಟರ್ ದಪ್ಪ ಬಂತು ಅಂತ ಇಟ್ಕೊಳ್ರಿ. ಹೊಟ್ಟಿಯೊಳಗಿನ 20 ಮಿಲಿಮೀಟರ್ ಗ್ರಾಫ್ಟ್ 18 ಆಗತೈತಿ, ಮೊದಲಿನ ಹರಿವಿನ ಮೂರರಾಗ ಎರಡು ಪಾಲು ಉಳೀತೈತಿ, ರೋಗಿಗೆ ಗೊತ್ತ ಆಗಂಗಿಲ್ಲ. ತೊಡಿಯ 6 ಮಿಲಿಮೀಟರ್ ಗ್ರಾಫ್ಟ್ 4 ಆಗತೈತಿ, ಐದರಾಗ ಒಂದು ಪಾಲ ಉಳೀತೈತಿ. 4 ಮಿಲಿಮೀಟರ್ ಇದ್ದದ್ದು 2ಕ್ಕ ಬಂದ್ರ ಹದಿನಾರರಾಗ ಒಂದು. ಪದರ ಅಷ್ಟ ದಪ್ಪ, ಪದಾರ್ಥ ಅದ, ಡಾಕ್ಟ್ರೂ ಅವರ, ಆದ್ರ ಒಬ್ಬರ ಗ್ರಾಫ್ಟ್ ಹತ್ತು ವರ್ಷ ನಡೀತು, ಇನ್ನೊಬ್ಬರದ್ದು ನಡೀಲಿಲ್ಲ. ಹೊಟ್ಟಿಯೊಳಗಿನ ಡೇಕ್ರಾನ್ ಗ್ರಾಫ್ಟ್ ಐದು ವರ್ಷದ ನಂತರ ನೂರರಾಗ ಎಂಬತ್ತೈದು ತೊಂಬತ್ತರಷ್ಟು ತೆರದ ಇರತಾವ. ತೊಡಿಯಿಂದ ಮೊಣಕಾಲ ಮ್ಯಾಲಿನ ತನಕ ಸ್ವಂತ ನಾಳ ಹಾಕಿದ್ರ ಐದು ವರ್ಷಕ್ಕ ನೂರರಾಗ ಎಪ್ಪತ್ತರ ಮ್ಯಾಲ, ಅದ ಜಾಗಾಕ್ಕ ಪಿಟಿಎಫ್ಇ ಹಾಕಿದ್ರ ನಲವತ್ತರ ಆಸುಪಾಸು ಉಳದದ್ದು ಕಂಡಾರ. ಮೊಣಕಾಲ ಕೆಳಗ ಹೋದ್ರ ಇನ್ನೂ ಕಡಿಮಿ.

ಹಂಗಾದ್ರ ದೊಡ್ಡದ ಹಾಕಬಾರದ್ಯಾಕ?

ಇದು ಭಾಳ ಸರಿಯಾದ ಪ್ರಶ್ನಿ, ಯಾರ ಕೇಳಿದ್ರೂ ಮೆಚ್ಚಬೇಕು. ಉತ್ತರ ಪೈಪ್‌ಲೈನ್ ಮಾಡಿದವರಿಗೆ ಗೊತ್ತೈತಿ. ಮೋಟಾರ್ ಸಣ್ಣದಿದ್ದು, ಬರೂ ನೀರ ಅಷ್ಟ ಇದ್ದು, ನೀವು ದೊಡ್ಡ ಪೈಪ್ ಹಾಕಿದ್ರ ಒಳಗ ನೀರು ತೆವಳಿಕೊಂಡು ಹೋಗತೈತಿ, ಹೊಳಿ ನೀರಿನ ರಾಡಿ ಹೊತಗೊಂಡು ಹೋಗೂ ಜೋರು ಇಲ್ಲದ ತಳದಾಗ ಹೂಳ ಕೂಡತೈತಿ.

ಕಾಲಿನೊಳಗೂ ಹಂಗ. ಗ್ರಾಫ್ಟ್ ಮೂಲಕ ಎಷ್ಟು ರಕ್ತ ಹೋಗಬೇಕು ಅನ್ನೂದನ್ನ ಬಹಳಷ್ಟು ಕೆಳಗಿನ ಸಣ್ಣ ನಾಳ ಠರಾಯಸತಾವ. ನಿಮಿಷಕ್ಕ 200 ಮಿಲಿಲೀಟರ್ ಹೋಗತೈತಿ ಅಂತ ಹಿಡೀರಿ. 6 ಮಿಲಿಮೀಟರ್ ಗ್ರಾಫ್ಟಿನ್ಯಾಗ ಸರಾಸರಿ ವೇಗ ಸೆಕೆಂಡಿಗೆ ಹೆಚ್ಚುಕಮ್ಮಿ 12 ಸೆಂಟಿಮೀಟರ್ ಬರತೈತಿ, 8 ಮಿಲಿಮೀಟರ್ ಹಾಕಿದ್ರ 7ರ ಒಳಗ ಇಳೀತೈತಿ. ಕೃತಕ ನಾಳದಾಗ ವೇಗ ಒಂದು ಮಟ್ಟಕ್ಕಿಂತ ಕೆಳಗ ಬಂದ್ರ ರಕ್ತ ಹೆಪ್ಪಗಟ್ಟತೈತಿ. ಸ್ವಂತ ನಾಳದಾಗ ಆ ಮಟ್ಟ ಎಷ್ಟೋ ಕೆಳಗ ಇರೂದರಿಂದ ನಿಧಾನ ಹರಿದ್ರೂ ತಡಕೋತೈತಿ. ಹಿಂಗಾಗಿ ಅಗಲ ಆರಿಸೂದು ಎರಡು ಕಡೆ ಜಗ್ಗಾಟದ ಕೆಲಸ, ಸಣ್ಣದಾದ್ರ ಪ್ವಾಸಯ್ ಲೆಕ್ಕ ಕಾಡತೈತಿ, ದೊಡ್ಡದಾದ್ರ ನಿಧಾನ ಹರಿವು ಕಾಡತೈತಿ.

ರಕ್ತ ನೀರಿನಂಥಾದ್ದೂ ಅಲ್ಲ ಅನ್ನೂದನ್ನ ಇಲ್ಲೇ ಹೇಳಿ ಮುಂದ ಹೋಗತೀನಿ. ನೀರಿಗಿಂತ ಮೂರು ನಾಲ್ಕು ಪಟ್ಟು ಮಂದ ಐತಿ, ಜೋರು ಹರದಾಗ ಸ್ವಲ್ಪ ತಿಳಿ ಆಗತೈತಿ, ನಿಧಾನ ಆದಾಗ ಕೆಂಪು ಕಣಗಳು ಒಂದಕ್ಕೊಂದು ಅಂಟಿಕೊಂಡು ಇನ್ನೂ ಮಂದ ಆಗತೈತಿ. ಅಂದ್ರ ನಿಧಾನ ಆದದ್ದು ತಾನ ಮತ್ತಷ್ಟು ನಿಧಾನ ಆಗೂ ಸ್ವಭಾವ ಅದರಾಗ ಐತಿ. ಬ್ಯಾಸಗ್ಯಾಗ ವಿಜಯಪುರದ ಬಿಸಲಾಗ ನೀರ ಕುಡೀದ ದುಡದ್ರ, ಇಲ್ಲಾ ವಾಂತಿ ಭೇದಿ ಆದ್ರ ರಕ್ತ ಮಂದ ಆಗತೈತಿ. ಬೀಡಿ ಸೇದೂವರ ರಕ್ತದಾಗ ಕೆಂಪು ಕಣದ ಪಾಲು ಹೆಚ್ಚಿರೂದರಿಂದ ಅವರದ್ದು ಮೊದಲ ಮಂದ ಇರತೈತಿ.

ಗೋಡಿ ಉಜ್ಜೂ ಬಲ

ನಾಳದ ನಡುವ ರಕ್ತ ಜೋರು ಓಡತೈತಿ, ಗೋಡಿಗೆ ತಾಗಿದ ಪದರ ನಿಂತಂಗ ಇರತೈತಿ, ನಡುವಿನ ಪದರಗಳು ಒಂದರ ಮ್ಯಾಲ ಒಂದು ಸರದು ಹೋಗತಾವ. ಈ ಸರಿದಾಟದಿಂದ ಗೋಡಿ ಮ್ಯಾಲ ಒಂದು ಮೆಲ್ಲಗಿನ ಎಳತ ಬೀಳತೈತಿ. ಅದಕ್ಕ ವಾಲ್ ಶಿಯರ್ ಸ್ಟ್ರೆಸ್ ಅಂತಾರ, ನಾವು ಗೋಡಿ ಉಜ್ಜೂ ಬಲ ಅನ್ನೂಣು. ಬಿಪಿ ಅಂದ್ರ ರಕ್ತ ಗೋಡಿಯನ್ನ ಹೊರಗ ಒತ್ತೂ ಬಲ, ಇದು ಗೋಡಿಗುಂಟ ಉಜ್ಜೂ ಬಲ, ಎರಡೂ ಬ್ಯಾರೆ. ಬಿಪಿ ಮುಂದ ಇದು ಏನೇನೂ ಅಲ್ಲದಷ್ಟು ಸಣ್ಣದು, ನಮ್ಮ ಧಮನಿಗಳೊಳಗ 1ರಿಂದ 2 ಪಾಸ್ಕಲ್ ಅಷ್ಟ. ಆದ್ರ ನಾಳದ ಆರೋಗ್ಯ ಇದರ ಮ್ಯಾಲ ನಿಂತೈತಿ.

ಯಾಕಂದ್ರ ನಮ್ಮ ನಾಳದ ಒಳಗ ಎಂಡೋಥೀಲಿಯಂ ಅನ್ನೂ ಒಂದ ಕಣ (ಜೀವಕೋಶ) ದಪ್ಪದ ಜೀವಂತ ಪದರ ಹಾಸೇತಿ. ಈ ಉಜ್ಜು ಅದಕ್ಕ ತಿಳೀತೈತಿ. ಉಜ್ಜು ಒಂದ ದಿಕ್ಕಿಗೆ, ಹದವಾಗಿ ಇದ್ರ ಆ ಕಣಗಳು ಹರಿವಿನ ದಿಕ್ಕಿಗೆ ಉದ್ದುದ್ದ ಮಲಗತಾವ, ನೈಟ್ರಿಕ್ ಆಕ್ಸೈಡ್ ಬಿಡತಾವ, ನಾಳ ಸಡಿಲ ಇರತೈತಿ, ರಕ್ತ ಹೆಪ್ಪಗಟ್ಟಿಸೂ ಸಣ್ಣ ಕಣ ಅಂದ್ರ ಪ್ಲೇಟ್‌ಲೆಟ್ ಅಂಟಂಗಿಲ್ಲ. (ನೈಟ್ರಿಕ್ ಆಕ್ಸೈಡ್ ಈ ಕೆಲಸ ಮಾಡತೈತಿ ಅಂತ ಕಂಡುಹಿಡದಿದ್ದಕ್ಕ 1998ರ ವೈದ್ಯಕೀಯ ನೊಬೆಲ್ ಬಂತು.) ಉಜ್ಜು ಅರ್ಧ ಪಾಸ್ಕಲ್ಲಿಗಿಂತ ಕಡಿಮಿ ಆದ್ರ, ಇಲ್ಲಾ ಒಮ್ಮೆ ಮುಂದ ಒಮ್ಮೆ ಹಿಂದ ಹೊಯ್ದಾಡಿದ್ರ, ಅವ ಕಣಗಳು ಬ್ಯಾರೆ ಸಂದೇಶ ಕಳಸತಾವ, ಗೋಡಿಯೊಳಗಿನ ಸ್ನಾಯು ಕಣಗಳು ಬೆಳದು ಒಳಕ್ಕ ಬರತಾವ, ಗೋಡಿ ದಪ್ಪ ಆಗತೈತಿ. ಭಾಳ ಜೋರು ಉಜ್ಜಿದ್ರೂ ಒಳ್ಳೇದಲ್ಲ, ಪ್ಲೇಟ್‌ಲೆಟ್‌ಗಳು ಕೆರಳಿ ಅಂಟತಾವ.

ಮ್ಯಾಲಿನ 200 ಮಿಲಿಲೀಟರ್ ಲೆಕ್ಕ ಇಲ್ಲೂ ಹಾಕಬಹುದು, ಉಜ್ಜುಬಲ ತ್ರಿಜ್ಯದ ಮೂರನೇ ಘಾತಕ್ಕ ವಿರುದ್ಧ ಹೋಗತೈತಿ. 6 ಮಿಲಿಮೀಟರಿನ್ಯಾಗ ಸುಮಾರು 0.55 ಪಾಸ್ಕಲ್, 8 ಮಿಲಿಮೀಟರಿನ್ಯಾಗ 0.23. ಎರಡ ಮಿಲಿಮೀಟರ್ ಹೆಚ್ಚ ಮಾಡಿದ್ದಕ್ಕ ಅರ್ಧಕ್ಕಿಂತ ಕೆಳಗ ಬಂತು ನೋಡ್ರಿ.

ಇನ್ನೊಂದು ಸಂಗತಿ, ಮನುಷ್ಯರಾಗ ಕೃತಕ ನಾಳದ ಒಳಗ ಈ ಜೀವಂತ ಪದರ ಎರಡೂ ತುದಿಯಿಂದ ಒಂದೆರಡು ಸೆಂಟಿಮೀಟರ್ ಅಷ್ಟ ಬೆಳೀತೈತಿ, ನಡುವಿನ ಉದ್ದಕ್ಕೂ ಎಷ್ಟ ವರ್ಷ ಆದ್ರೂ ಬರೇ ಪದಾರ್ಥ, ಅದರ ಮ್ಯಾಲ ರಕ್ತದ ಪ್ರೋಟೀನಿನ ಲೇಪ. ಅಲ್ಲಿ ಕಾವಲ ಕಾಯೂವರು ಯಾರೂ ಇಲ್ಲ. ಸ್ವಂತ ನಾಳ ಗೆಲ್ಲೂದು ಇಲ್ಲಿ. ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಗುಳಿಗಿ ಕೊಡೂದೂ ಈ ಕಾರಣಕ್ಕ, ಪ್ಲೇಟ್‌ಲೆಟ್ ಅಂಟೂದನ್ನ ಅವು ಕಡಿಮಿ ಮಾಡತಾವ. ಆರಾಮ ಆದ್ವಿ ಅಂತ ಗುಳಿಗಿ ತಾವ ಬಿಟ್ಟವರು ಇದನ್ನ ತಿಳಕೋಬೇಕು.

ಕೆಳಗಿನ ಜೋಡಣಿ: ಬಹಳ ಗ್ರಾಫ್ಟ್ ಕೆಡೂದು ಇಲ್ಲೇ

ಗ್ರಾಫ್ಟಿನ ಕೆಳತುದಿಯನ್ನ ಧಮನಿಯ ಬಾಜೂಕ್ಕ ಓರೆಯಾಗಿ ಕೊಯ್ದು ಹೊಲೀತಾರ. ತುದಿ ಧಮನಿಯ ಬಾಯಿಗೆ ಕೂಡೂದಿಲ್ಲ, ಬಾಜೂಕ್ಕ ಕೂಡತೈತಿ. ಹಿಂಗಾಗಿ ರಕ್ತ ಓರೆಯಾಗಿ ಬಂದು ಧಮನಿಯ ಎದುರಿನ ಗೋಡಿಗೆ ಹೊಡೀತೈತಿ. ಪೈಪಿನ ನೀರು ಕಾಲವಿಗೆ ಬೀಳೂ ಜಾಗಾ ನೋಡಿದ್ರ ತಿಳೀತೈತಿ, ಹೊಡದ ಜಾಗಾದಿಂದ ನೀರು ಎರಡ ಪಾಲ ಆಗತೈತಿ, ದೊಡ್ಡ ಪಾಲು ಮುಂದ, ಸಣ್ಣ ಪಾಲು ಹಿಂದಿನ ಮುಚ್ಚಿದ ಕಡೆ ಹೋಗಿ ಅಲ್ಲೇ ಸುತ್ತತೈತಿ, ಅಲ್ಲೇ ಹೂಳು ಕೂಡತೈತಿ.

ಡಾಕ್ಟ್ರು ಈ ಜೋಡಣಿಯ ಭಾಗಕ್ಕ ಪಾದದ ಹೆಸರ ಇಟ್ಟಾರ. ಹರಿವಿನ ಮುಂದಿನ ಕಡೆಯ ಹೊಲಿಗಿ ಬೆರಳತುದಿ, ಹಿಂದಿನ ಕಡೆಯದು ಹಿಮ್ಮಡ, ರಕ್ತ ಹೊಡಿಯೂ ಎದುರುಗೋಡಿ ನೆಲ. ಬೆರಳತುದಿಯ ಆಚೆ ರಕ್ತ ತಿರವು ತಗೊಂಡಾಗ ಗೋಡಿ ಬಿಟ್ಟು ಸರೀತೈತಿ, ಅಲ್ಲಿ ಉಜ್ಜು ಕಡಿಮಿ. ಹಿಮ್ಮಡದಾಗ ರಕ್ತ ಸುತ್ತತೈತಿ, ಉಜ್ಜು ಕಡಿಮಿ. ನೆಲದ ಮ್ಯಾಲ ರಕ್ತ ಎರಡು ಪಾಲಾಗೂ ಬಿಂದು ಪ್ರತಿ ಬಡಿತಕ್ಕ ಹಿಂದ ಮುಂದ ಓಡಾಡತೈತಿ, ಅಲ್ಲಿಯ ಕಣಗಳಿಗೆ ಉಜ್ಜು ಒಮ್ಮೆ ಆ ಕಡೆ ಒಮ್ಮೆ ಈ ಕಡೆ. ಮುಚ್ಚಿದ ಗ್ರಾಫ್ಟುಗಳನ್ನ ತಗದು ನೋಡಿದಾಗ ಗೋಡಿ ದಪ್ಪ ಆದದ್ದು ಸಿಕ್ಕಿದ್ದು ಇವ ಮೂರು ಜಾಗಾದಾಗ. ಎಂಜಿನಿಯರುಗಳು ಕಂಪ್ಯೂಟರ್ ಲೆಕ್ಕದಾಗ ಉಜ್ಜು ಎಲ್ಲಿ ಕಡಿಮಿ ಬರತೈತಿ ಅಂತ ತೋರಿಸಿದ ಜಾಗಾನೂ, ಡಾಕ್ಟ್ರು ಕಣ್ಣಿಂದ ಕಂಡ ಜಾಗಾನೂ ಕೂಡಿ ಬಂದಾವ. ಎರಡು ಬ್ಯಾರೆ ಬ್ಯಾರೆ ವಿದ್ಯೆ ಹಿಂಗ ಒಂದ ಜಾಗಾಕ್ಕ ಬಂದು ನಿಂತದ್ದು ನನಗ ಈ ವಿಷಯದಾಗ ಎಲ್ಲಾಕಿಂತ ಹೆಚ್ಚು ಹಿಡಸೇತಿ.

ಇದರ ಮ್ಯಾಲ ಇನ್ನೊಂದು ತೊಂದರಿ. ಧಮನಿ ಪ್ರತಿ ಬಡಿತಕ್ಕ ಸ್ವಲ್ಪ ಉಬ್ಬಿ ಇಳೀತೈತಿ, ಕೃತಕ ನಾಳ ಹಂಗ ಉಬ್ಬಂಗಿಲ್ಲ. ಒಂದು ಮೆತ್ತಂದು, ಒಂದು ಬಿರುಸು, ಎರಡನ್ನ ಹೊಲದ ಜಾಗಾದಾಗ ದಿನಕ್ಕ ಲಕ್ಷ ಸಲ ಎಳದಾಟ ನಡೀತೈತಿ. ಅದೂ ಗೋಡಿ ಬೆಳಿಯೂದಕ್ಕ ಕಾರಣ ಆಗತೈತಿ.

ಇದಕ್ಕ ಪರಿಹಾರ ಅಂತ ಹುಡುಕಿದ್ದರಾಗ ಒಂದು ಸರಳ ಉಪಾಯ ಐತಿ. ಪಿಟಿಎಫ್ಇ ನೇರ ಧಮನಿಗೆ ಹೊಲಿಯೂ ಬದಲಿಗೆ, ರೋಗಿಯ ಅಭಿಧಮನಿಯ ಒಂದ ಸಣ್ಣ ತುಂಡು ತಗೊಂಡು ನಡುವ ಪಟ್ಟಿ ಕೊಟ್ಟು ಹೊಲಿಯೂದು. ಮಿಲ್ಲರ್ ಕಫ್ ಅಂತ ಅದಕ್ಕ ಹೆಸರು. ಅಲ್ಲಿ ಜಾಗಾ ಸ್ವಲ್ಪ ಅಗಲ ಆಗಿ ರಕ್ತ ಒಂದು ಸುಳಿ ಹೊಡೀತೈತಿ, ಆ ಸುಳಿ ಗೋಡಿ ತೊಳಕೊಂಡು ಹೋಗತೈತಿ, ಜೊತಿಗೆ ಬಿರುಸು ಮತ್ತ ಮೆತ್ತನ ನಾಳದ ನಡುವ ಸ್ವಂತ ಮಾಂಸದ ಪಟ್ಟಿ ಬಂದಂಗ ಆಗತೈತಿ. ಮೊಣಕಾಲ ಕೆಳಗ ಹಾಕೂ ಪಿಟಿಎಫ್ಇಗೆ ಇದರಿಂದ ಉಪಯೋಗ ಕಂಡೈತಿ. ಮುಂದ ಕಂಪನಿಗಳು ತುದಿ ಅಗಲ ಮಾಡಿದ ಗ್ರಾಫ್ಟನ್ನೂ ತಂದ್ವು.

ಕೆಳಗ ದಾರಿ ಬೇಕು, ಮ್ಯಾಲ ಪೈಪೋಟಿ ಬ್ಯಾಡ

ಪೈಪ್‌ಲೈನ್ ಎಷ್ಟ ಚಲೋ ಇದ್ರೂ ಹೊಲದ ಕಡೆ ಬಾಯಿ ಮುಚ್ಚಿದ್ರ ನೀರು ಹರಿಯಂಗಿಲ್ಲ. ಮೊಣಕಾಲ ಕೆಳಗಿನ ಮೂರು ನಾಳದಾಗ ಎಷ್ಟು ತೆರದಾವ ಅನ್ನೂದು ಗ್ರಾಫ್ಟಿನ ಆಯುಷ್ಯ ಹೇಳತೈತಿ. ಶುಗರ್ ಹೆಚ್ಚಾಗಿ ಕಾಡೂದು ಇವ ಸಣ್ಣ ನಾಳಗಳನ್ನ. ಬೀಡಿ, ತಂಬಾಕಿನವರಿಗೆ ಬರೂ ಬರ್ಜರ್ ಕಾಯಿಲಿ ಅಂತ ಒಂದೈತಿ, ಹರೇದ ಗಂಡಸರಿಗೂ ಬರತೈತಿ, ಅದರಾಗ ತುದಿಯ ನಾಳಗಳ ಮುಚ್ಚೂದರಿಂದ ಬೈಪಾಸ್ ಕೂಡಿಸಾಕ ಜಾಗಾನ ಸಿಗಂಗಿಲ್ಲ. ಅದಕ್ಕ ಡಾಕ್ಟ್ರು ಆಂಜಿಯೋ ಮಾಡಿ ಕೆಳಗಿನ ದಾರಿ ನೋಡಿದ ಮ್ಯಾಲ "ಆಗತೈತಿ" ಇಲ್ಲಾ "ಆಗಂಗಿಲ್ಲ" ಅಂತಾರ.

ಬ್ಲಾಕ್ ಇನ್ನೂ ಅರ್ಧ ಐತಿ, ಪೂರ್ತಿ ಆಗೂಕಿಂತ ಮೊದಲ ಬೈಪಾಸ್ ಮಾಡಿ ಬಿಡ್ರಿ ಅಂತ ಕೆಲವರು ಒತ್ತಾಯ ಮಾಡತಾರ. ಹಳೇ ನಾಳದಾಗೂ ರಕ್ತ ಬರತಿದ್ರ ಎರಡೂ ಹರಿವು ಕೆಳಗ ಬಂದು ಒಂದಕ್ಕೊಂದು ಪೈಪೋಟಿಗೆ ನಿಲ್ಲತಾವ, ಗ್ರಾಫ್ಟಿನ್ಯಾಗಿನ ರಕ್ತ ನಿಧಾನ ಆಗತೈತಿ, ನಿಧಾನ ಆದ್ರ ಏನಾಗತೈತಿ ಅಂತ ಈಗ ನಿಮಗ ಗೊತ್ತೈತಿ. ಹಂಗಾಗಿ ಅವಸರ ಮಾಡಂಗಿಲ್ಲ.

ಹೃದಯಕ್ಕ ಕೃತಕ ನಾಳ ಯಾಕ ಹಾಕಂಗಿಲ್ಲ

ಹೃದಯದ ಮ್ಯಾಲಿನ ಧಮನಿ ಅಗಲ 3–4 ಮಿಲಿಮೀಟರ್ ಅಷ್ಟ. 6 ಮಿಲಿಮೀಟರಿಗಿಂತ ಸಣ್ಣ ಕೃತಕ ನಾಳ ಬಾಳಂಗಿಲ್ಲ, ಹೆಪ್ಪಗಟ್ಟಿ ಬಂದ್ ಆಗತಾವ. 1967ರಾಗ ರೆನೆ ಫವಲೋರೊ ಕ್ಲೀವ್‌ಲ್ಯಾಂಡಿನ್ಯಾಗ ಕಾಲಿನ ಅಭಿಧಮನಿ ಬಳಸಿ ಹೃದಯದ ಬೈಪಾಸ್ ಮಾಡಿದ್ರು, ಇವತ್ತಿಗೂ ಎದಿಗೂಡಿನ ಒಳಗಿನ ಧಮನಿ, ಕಾಲಿನ ನಾಳ, ಮುಂಗೈ ಧಮನಿ ಇವನ್ನ ಬಳಸತಾರ.

ಡಯಾಲಿಸಿಸ್ ಮಾಡಿಸಿಕೊಳ್ಳೂವರ ಕೈಯಾಗಿನ ಗ್ರಾಫ್ಟ್

ತಾಲೂಕು ಆಸ್ಪತ್ರಿಗಳಾಗೂ ಈಗ ಡಯಾಲಿಸಿಸ್ ಸಿಗೂದರಿಂದ ಇದನ್ನೂ ಹೇಳಬೇಕು. ಕೈಯಾಗಿನ ಧಮನಿಗೆ ಅಭಿಧಮನಿ ನೇರ ಕೂಡಿಸಿದ್ರ ಫಿಸ್ಟುಲಾ ಅಂತಾರ, 1966ರಿಂದ ಇದ ಮೊದಲ ಆಯ್ಕಿ. ಅಭಿಧಮನಿ ಸಾಲದಿದ್ರ ನಡುವ ಪಿಟಿಎಫ್ಇ ಕೊಳವಿ ಹಾಕತಾರ. ಇಲ್ಲಿ ಕಾಲಿಗಿಂತ ಉಲ್ಟಾ ಪರಿಸ್ಥಿತಿ, ಒತ್ತಡ ಹೆಚ್ಚಿದ್ದ ಕಡೆಯಿಂದ ಕಡಿಮಿ ಇದ್ದ ಕಡೆಗೆ ಸೀದಾ ದಾರಿ ಸಿಕ್ಕಂಗ ಆಗಿ ನಿಮಿಷಕ್ಕ ಸುಮಾರು ಒಂದು ಲೀಟರ್ ತನಕ ಹರೀತೈತಿ, ರಕ್ತ ಗೊಂದಲ ಗೊಂದಲ ಆಗಿ ನುಗ್ಗತೈತಿ. ಕೈ ಇಟ್ರ ಗುಂಯ್ ಅನ್ನೂ ನಡುಕ ತಾಗೂದು ಅದಕ್ಕ. ಗೋಡಿ ದಪ್ಪ ಆಗೂದು ಇಲ್ಲಿ ಹೆಚ್ಚಾಗಿ ಅಭಿಧಮನಿ ಕಡೆಯ ಜೋಡಣಿಯಾಗ. ಹರಿವು ನಿಮಿಷಕ್ಕ 600 ಮಿಲಿಲೀಟರಿಗಿಂತ ಇಳದ್ರ ಗ್ರಾಫ್ಟ್ ಅಪಾಯದಾಗ ಐತಿ ಅಂತ ತಿಳೀತಾರ. ದಿನಾ ಮುಂಜಾನೆ ಕೈ ಇಟ್ಟು ನಡುಕ ನೋಡೂದು, ಆ ಕೈಗೆ ಬಿಪಿ ಪಟ್ಟಿ ಕಟ್ಟಗೊಡದ ಇರೂದು, ಆ ಕೈ ಮ್ಯಾಲ ತಲಿ ಇಟ್ಟು ಮಲಗದ ಇರೂದು ಇವೆಲ್ಲಾ ಹರಿವು ನಿಲ್ಲಬಾರದು ಅಂತ ಹೇಳೂ ಮಾತು.

ಹೊಸಾದು ಏನು ಬಂದೈತಿ

ಹೆಪಾರಿನ್ ಅನ್ನೂ ಹೆಪ್ಪುತಡಿ ಔಷಧ ಒಳಗೋಡಿಗೆ ಅಂಟಿಸಿದ ಗ್ರಾಫ್ಟ್ ಬಳಕಿಯಾಗ ಐತಿ. ಧಮನಿಯೊಳಗ ರಕ್ತ ಸಹಜವಾಗಿ ಸುರುಳಿ ಸುತ್ತಿಕೊಂಡು ಹೋಗತೈತಿ ಅಂತ ಕಂಡಮ್ಯಾಲ ಅದ ಸುರುಳಿ ತರೂವಂಗ ಒಳಗ ಏಣು ಕೊಟ್ಟ ಗ್ರಾಫ್ಟ್ ಮಾಡಿ ನೋಡ್ಯಾರ. ಇನ್ನ ಪ್ರಯೋಗಾಲಯದಾಗ ಮನುಷ್ಯರ ಕಣ ಬೆಳಸಿ ನಾಳ ಮಾಡಿ, ಆಮ್ಯಾಲ ಕಣ ತೊಳದು ತಗದು ಬರೇ ಚೌಕಟ್ಟ ಉಳಸಿದ ನಾಳಕ್ಕ 2024ರ ಡಿಸೆಂಬರ್‌ನ್ಯಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಪಘಾತದಾಗ ಕೈಕಾಲಿನ ಧಮನಿ ಹರದವರ ಸಲುವಾಗಿ ಒಪ್ಪಿಗಿ ಕೊಟ್ಟೈತಿ. ಅದರೊಳಗ ರೋಗಿಯ ಸ್ವಂತ ಕಣ ಬಂದು ನೆಲಸತಾವ. ಬಿಳಿ ಕೊಳವಿಗೆ ಇಲ್ಲದ್ದು ಅದ.

ಆರಾಮ ಇದ್ರೂ ಡಾಪ್ಲರ್ ಯಾಕ

ನಾಳ ಅರ್ಧದಷ್ಟು ಕಿರಿದಾಗೂ ತನಕ ಕುಂತವರಿಗೆ ಏನೂ ಗೊತ್ತಾಗಂಗಿಲ್ಲ, ಯಾಕಂದ್ರ ಕೆಳಗಿನ ಸಣ್ಣ ನಾಳಗಳು ತಾವು ಹಿಗ್ಗಿ ಕೊರತಿ ತುಂಬಿಸಿಕೋತಾವ. ಹಿಗ್ಗೂದಕ್ಕ ಮಿತಿ ಮುಗೀತು ಅಂದ್ರ ಹರಿವು ಒಮ್ಮೆಲೆ ಬೀಳತೈತಿ. ಅದಕ್ಕ "ನನಗೇನೂ ತ್ರಾಸ ಇಲ್ಲ" ಅನ್ನೂದು ಗ್ರಾಫ್ಟ್ ಚಲೋ ಐತಿ ಅಂತ ಹೇಳಂಗಿಲ್ಲ.

ಡಾಪ್ಲರ್ ಸ್ಕ್ಯಾನಿನ್ಯಾಗ ಧ್ವನಿ ಅಲಿಗಳಿಂದ ರಕ್ತದ ವೇಗ ಅಳೀತಾರ. ಒಂದ ಜಾಗಾದಾಗ ವೇಗ ಫಕ್ನ ಏರಿದ್ರ ಅಲ್ಲಿ ಕಿರಿದಾಗೈತಿ ಅಂತ ಅರ್ಥ, ಪೈಪಿನ ಬಾಯಿ ಒತ್ತಿ ಹಿಡದ್ರ ನೀರು ಚಿಮ್ಮಿದಂಗ. ಇಡೀ ಗ್ರಾಫ್ಟಿನ್ಯಾಗ ಬಡಿತದ ತುತ್ತತುದಿಯ ವೇಗ ಸೆಕೆಂಡಿಗೆ 40–45 ಸೆಂಟಿಮೀಟರಿಗಿಂತ ಕೆಳಗ ಇದ್ರ ಮ್ಯಾಲೋ ಕೆಳಗೋ ಎಲ್ಲೋ ಅಡ್ಡಿ ಐತಿ. ಜೊತಿಗೆ ಹಿಮ್ಮಡದ ಹತ್ತಿರದ ಬಿಪಿಯನ್ನ ತೋಳಿನ ಬಿಪಿಯಿಂದ ಭಾಗಿಸಿ ಎಬಿಐ ತಗೀತಾರ, ತೋಳಿನ್ಯಾಗ 140, ಪಾದದಾಗ 70 ಇದ್ರ 0.5. 0.9ಕ್ಕಿಂತ ಕಡಿಮಿ ಇದ್ರ ಕಾಲಿನ ನಾಳದಾಗ ತೊಂದರಿ. ಆಪರೇಶನ್ ಆದಮ್ಯಾಲ ಬಂದ ಅಂಕಿಗಿಂತ 0.15 ಇಳದ್ರ ಗ್ರಾಫ್ಟ್ ನೋಡಲೇಬೇಕು. ಶುಗರಿನವರ ನಾಳ ಸುಣ್ಣ ಕಟ್ಟಿ ಬಿರುಸಾಗಿದ್ರ ಈ ಅಂಕಿ ಸುಳ್ಳ ಹೆಚ್ಚು ತೋರಿಸತೈತಿ, ಅವರಿಗೆ ಹೆಬ್ಬೆರಳಿನ ಒತ್ತಡ ನೋಡತಾರ.

ಬೈಪಾಸ್ ಆದಮ್ಯಾಲೂ ಬೀಡಿ ಸಿಗರೇಟ್ ಬಿಡದವರ ಗ್ರಾಫ್ಟ್ ಮುಚ್ಚೂ ಸಂಭವ ಬಿಟ್ಟವರಿಗಿಂತ ಸುಮಾರು ಮೂರು ಪಟ್ಟು. ಮೊಣಕಾಲ ದಾಟಿದ ಗ್ರಾಫ್ಟ್ ಇದ್ದವರು ಚಕ್ಕಳಬಕ್ಕಳ ಹಾಕಿ ತಾಸಗಟ್ಟಲೆ ಪಂಕ್ತಿಯಾಗ, ಭಜನಿಯಾಗ ಕುಂದ್ರೂ ಮೊದಲ ಡಾಕ್ಟ್ರನ್ನ ಕೇಳಿಕೊಳ್ರಿ. ದಿನಾ ನಡೀರಿ, ನಡದ್ರ ಸ್ನಾಯು ರಕ್ತ ಕೇಳತೈತಿ, ಗ್ರಾಫ್ಟಿನ್ಯಾಗ ಹರಿವು ಏರತೈತಿ.

ಫಕ್ನ ಮುಚ್ಚಿದ್ರ

ಸ್ವಂತ ನಾಳ ಕೆಡೂ ಮೊದಲ ಸೂಚನಾ ಕೊಡತೈತಿ, ಕೃತಕ ನಾಳ ಕೆಲವು ಸಲ ಸೂಚನಾ ಇಲ್ಲದ ಒಮ್ಮೆಲೆ ಹೆಪ್ಪಗಟ್ಟತೈತಿ. ಕಾಲು ಥಣ್ಣಗ ಆಗೂದು, ಬಿಳಚಿಕೊಳ್ಳೂದು, ಜೋರು ನೋವು, ಆಮ್ಯಾಲ ಜುಂ ಅಂತ ಮರಗಟ್ಟೂದು, ಬೆರಳ ಅಲಗಾಡಿಸಾಕ ಬರದ ಇರೂದು. ಮುಂಜಾನಿ ತನಕ ನೋಡೂಣು ಅನಬ್ಯಾಡ್ರಿ, ಎಣ್ಣಿ ಹಚ್ಚಿ ತಿಕ್ಕಬ್ಯಾಡ್ರಿ, ಬಿಸಿನೀರಿನ ಶೇಕ ಕೊಡಬ್ಯಾಡ್ರಿ. ರಕ್ತ ಪೂರ್ತಿ ನಿಂತ್ರ ಸುಮಾರು 6 ತಾಸಿನ ನಂತರ ನರ, ಸ್ನಾಯು ಮರಳಿ ಬರದಂಗ ಸಾಯಾಕ ಹತ್ತತಾವ, ಇಂಡಿಯಿಂದಾಗಲಿ ಹುನಗುಂದದಿಂದಾಗಲಿ ರಾಮದುರ್ಗದಿಂದಾಗಲಿ ಹೊಂಡೂವರು ದಾರಿಯ ಹೊತ್ತನ್ನೂ ಅದರಾಗ ಹಿಡೀಬೇಕು. ಹೋಗೂಕಿಂತ ಮೊದಲ ಫೋನ್ ಹಚ್ಚಿ ಅಲ್ಲಿ ರಕ್ತನಾಳದ ಸರ್ಜನ್ ಅದಾರೇನು ಅಂತ ಕೇಳ್ರಿ, ಇಲ್ಲಂದ್ರ ಎರಡು ದವಾಖಾನಿ ತಿರಗೂದರಾಗ ಹೊತ್ತು ಹೋಗತೈತಿ.

ಅಲ್ಲಿ ಹೆಪ್ಪು ಕರಗಿಸೂ ಔಷಧವನ್ನ ನಾಳದೊಳಗ ಬಿಡತಾರ, ಇಲ್ಲಾ ತುದಿಗೆ ಸಣ್ಣ ಬಲೂನ್ ಇದ್ದ ಫೋಗಾರ್ಟಿ ಕ್ಯಾಥೆಟರ್ ಒಳಗ ಕಳಿಸಿ, ಆಚೆ ಹೋದಮ್ಯಾಲ ಉಬ್ಬಿಸಿ, ಹೆಪ್ಪನ್ನ ಎಳದು ಹೊರಗ ತಗೀತಾರ. ಥಾಮಸ್ ಫೋಗಾರ್ಟಿ 1960ರ ದಶಕದ ಮೊದಲಿಗೆ ಇದನ್ನ ತಯಾರ ಮಾಡಿದ್ರು. ಹೆಪ್ಪು ತಗದ್ರೂ ಅಷ್ಟಕ್ಕ ಮುಗಿಯಂಗಿಲ್ಲ, ಹೆಪ್ಪಗಟ್ಟಿಸಿದ ಕಾರಣ ಹುಡುಕಬೇಕು, ಬಹಳ ಸಲ ಅದು ಕೆಳಗಿನ ಜೋಡಣಿ ಕಿರಿದಾದದ್ದು ಇರತೈತಿ, ಅಲ್ಲಿ ಬಲೂನ್ ಹಾಕಿ ಅಗಲ ಮಾಡತಾರ ಇಲ್ಲಾ ಮತ್ತ ಹೊಲದು ಸರಿ ಮಾಡತಾರ. ಈ ಕೆಲಸಕ್ಕ ಹೊಸಾ ಡಾಕ್ಟ್ರಿಗೆ ಬೇಕಾಗೂ ಮಾಹಿತಿ ನಾಲ್ಕ: ಗ್ರಾಫ್ಟ್ ಎಲ್ಲಿಂದ ಎಲ್ಲಿಗೆ ಹಾಕ್ಯಾರ, ಯಾವ ಪದಾರ್ಥದ್ದು, ಎಷ್ಟು ಮಿಲಿಮೀಟರ್, ಯಾವ ತಾರೀಖಿಗೆ. ಡಿಸ್ಚಾರ್ಜ್ ಕಾರ್ಡಿನ್ಯಾಗ ಇವು ನಾಲ್ಕೂ ಬರದಾರೋ ಇಲ್ಲೋ ಅಂತ ಮನಿಗೆ ಹೊಂಡೂ ದಿನಾನ ನೋಡಿಕೊಂಡು, ಒಂದು ಫೋಟೋ ತಗದು ಮನ್ಯಾಗಿನ ಎಲ್ಲಾರ ಮೊಬೈಲಿನ್ಯಾಗ ಇಟ್ಟಿರ್ರಿ.